ದೂರು ಕೊಟ್ಟಿರಾ? ಕಾಗದ ಕೇಳಿ ಪಡೆಯಿರಿ

ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಬೆಂಗಳೂರಿನಿಂದ ಬಂದವು. ಎಲ್ಲವೂ ಹೆಣ್ಣುಮಕ್ಕಳ ಮೇಲಿನ ಹಿಂಸೆಗೆ ಸಂಬಂಧಿಸಿದವು. ಬರೆದವರ ಹೆಸರನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಕೈಬಿಟ್ಟು, ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನನ್ನ ಮಗಳಿಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಹಲವು ತಿಂಗಳಿಂದ ಒಬ್ಬ ಹುಡುಗ ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ ಅವಳನ್ನು ಹಿಂಬಾಲಿಸುತ್ತಾನೆ, ಬೇರೆ ಬೇರೆ ನಂಬರಿನಿಂದ ಅಸಭ್ಯವಾದ ಮೆಸೇಜು ಕಳಿಸುತ್ತಾನೆ. ಠಾಣೆಗೆ ಹೋದೆವು. ಅವನನ್ನು ಕರೆಸಿ, ಬೈದು, ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಕೆಲವು ದಿನ ಸುಮ್ಮನಿದ್ದವನು ಮತ್ತೆ ಶುರು ಮಾಡಿದ್ದಾನೆ. ಕಾಲೇಜು ಬಿಡಿಸಿ ಊರಿನಲ್ಲಿ ಅಜ್ಜಿಯ ಮನೆಯಲ್ಲಿ ಇರಿಸೋಣ ಎನ್ನುತ್ತಾರೆ ನಮ್ಮ ಯಜಮಾನರು. ಏನು ಮಾಡಲಿ?
(ಒಬ್ಬ ತಾಯಿ, ರಾಜಾಜಿನಗರ)

ಉತ್ತರ: ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಠಾಣೆಯಲ್ಲಿ ಬರೆಸಿಕೊಂಡ ಮುಚ್ಚಳಿಕೆ ಎಫ್‌ಐಆರ್ ಅಲ್ಲ. ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದು ಹುಡುಗ ಬರೆದು ಸಹಿ ಹಾಕಿದ ಹಾಳೆ ಠಾಣೆಯ ಕಡತದಲ್ಲಿ ಉಳಿಯುತ್ತದೆ. ಅವನು ಮಾತು ತಪ್ಪಿದರೆ ತಾನಾಗಿಯೇ ಯಾವ ಕ್ರಮವೂ ಜರುಗುವುದಿಲ್ಲ. ಪೊಲೀಸರು ಕೆಟ್ಟ ಉದ್ದೇಶದಿಂದಲೇ ಹೀಗೆ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಹುಡುಗನ ಭವಿಷ್ಯ, ಹುಡುಗಿಯ ಮರ್ಯಾದೆ, ಕೋರ್ಟಿನ ಅಲೆದಾಟ ಎಂಬ ಮೂರು ಮಾತುಗಳನ್ನು ಎರಡೂ ಕಡೆಯವರೇ ಎಷ್ಟೋ ಸಲ ಮುಂದಿಡುತ್ತಾರೆ, ಠಾಣೆಗೂ ಒಂದು ಕಡತ ಕಡಿಮೆಯಾಗುತ್ತದೆ. ಆದರೆ ನಿಮ್ಮ ಮಗಳ ವಿಷಯದಲ್ಲಿ ಆ ದಾರಿ ಈಗಾಗಲೇ ಒಮ್ಮೆ ಸೋತಿದೆ.

ಒಬ್ಬ ಹೆಣ್ಣುಮಗಳು ಬೇಡವೆಂದ ಮೇಲೂ ಅವಳನ್ನು ಪದೇ ಪದೇ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು, ಅವಳ ಫೋನು ಅಥವಾ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆಯಿದೆ. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಮಗಳ ವಯಸ್ಸು. ಹದಿನೆಂಟು ತುಂಬದವರನ್ನು ಲೈಂಗಿಕ ಉದ್ದೇಶದಿಂದ ಹಿಂಬಾಲಿಸುವುದು, ನೇರವಾಗಿಯಾಗಲಿ ಫೋನಿನ ಮೂಲಕವಾಗಲಿ ಮತ್ತೆ ಮತ್ತೆ ಸಂಪರ್ಕಿಸುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 11ನೇ ಸೆಕ್ಷನ್ನಿನಡಿ ಬರುತ್ತದೆ. ಪೋಕ್ಸೊ ಅಪರಾಧದ ಮಾಹಿತಿ ಬಂದರೆ ಅದನ್ನು ದಾಖಲಿಸಲೇಬೇಕು. ದಾಖಲಿಸದ ಅಧಿಕಾರಿಗೇ ಆರು ತಿಂಗಳವರೆಗೆ ಶಿಕ್ಷೆ ವಿಧಿಸಲು ಅದೇ ಕಾಯ್ದೆಯ 21ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಠಾಣೆಯಲ್ಲಿ ಧ್ವನಿ ಏರಿಸುವ ಅಗತ್ಯವಿಲ್ಲ; ‘ಮಗಳಿಗೆ ಹದಿನೇಳು, ಇದು ಪೋಕ್ಸೊಗೆ ಬರುತ್ತದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತಂದಿದ್ದೇನೆ’ ಎಂದು ಹೇಳಿ ಲಿಖಿತ ದೂರನ್ನು ಮುಂದಿಟ್ಟರೆ ಸಾಕು, ಮಾತುಕತೆಯ ಧಾಟಿಯೇ ಬದಲಾಗುವುದನ್ನು ನಾನು ಕಂಡಿದ್ದೇನೆ.

ದೂರನ್ನು ಮನೆಯಲ್ಲೇ ಕೂತು ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ನಿಲ್ದಾಣ, ಯಾವ ನಂಬರಿನ ಬಸ್ಸು, ಅವನು ಆಡಿದ ಮಾತು ಇವನ್ನೆಲ್ಲ ಮಗಳು ಹೇಳಿದಂತೆ, ಅವಳ ಮಾತಿನಲ್ಲೇ ಇಡಿ. ಮೆಸೇಜುಗಳನ್ನು ಅಳಿಸಬೇಡಿ, ನಂಬರು ಮತ್ತು ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಮುದ್ರಿಸಿ ಲಗತ್ತಿಸಿ. ಹಿಂದೆ ಬರೆಸಿಕೊಂಡ ಮುಚ್ಚಳಿಕೆಯ ದಿನಾಂಕವನ್ನು ತಪ್ಪದೆ ನಮೂದಿಸಿ, ಏಕೆಂದರೆ ಬೇಡವೆಂದು ಅವನಿಗೆ ಖಚಿತವಾಗಿ ತಿಳಿದಿತ್ತು ಎಂಬುದಕ್ಕೆ ಅದೇ ಸಾಕ್ಷಿ. ದೂರಿನ ಎರಡು ಪ್ರತಿ ಒಯ್ದು, ಒಂದರ ಮೇಲೆ ಠಾಣೆಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ‘ಘಟನೆ ನಡೆದ ಜಾಗ ನಮ್ಮ ಸರಹದ್ದಲ್ಲ’ ಎಂದು ತಿರುಗಿಸಿ ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ‘ಝೀರೊ ಎಫ್‌ಐಆರ್’ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯೇ ಹೇಳುತ್ತದೆ. ಅಷ್ಟಾಗಿಯೂ ನಿರಾಕರಿಸಿದರೆ ಅದೇ ದೂರನ್ನು ನಿಮ್ಮ ವಿಭಾಗದ ಡಿಸಿಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು, ಆಗ ಈ ರಸೀದಿಯೇ ನಿಮ್ಮ ಆಧಾರ.

ಮಗಳನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಬೇಕಾಗಿಲ್ಲ. ಅವಳ ಹೇಳಿಕೆಯನ್ನು ನಿಮ್ಮ ಮನೆಯಲ್ಲೇ ಅಥವಾ ಅವಳು ಬಯಸಿದ ಜಾಗದಲ್ಲಿ, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರ ತೊಡದೆ ಬಂದು ಪಡೆಯಬೇಕು.

ಇನ್ನು ನಿಮ್ಮ ಯಜಮಾನರ ಸಲಹೆ. ತಂದೆಯ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ತಪ್ಪು ಮಾಡಿದ ಹುಡುಗ ಅದೇ ಬಸ್ಸಿನಲ್ಲಿ ಓಡಾಡಿಕೊಂಡಿದ್ದು, ನಿಮ್ಮ ಮಗಳು ಪರೀಕ್ಷೆಯ ವರ್ಷದಲ್ಲಿ ಕಾಲೇಜು ಬಿಡುವುದಾದರೆ, ಶಿಕ್ಷೆ ಅವಳಿಗೇ ಆದಂತಾಗುತ್ತದೆ. ಮುಂದೆ ಏನಾದರೂ ಆದಾಗ ‘ಮನೆಯಲ್ಲಿ ಹೇಳಿದರೆ ಓದು ನಿಲ್ಲಿಸುತ್ತಾರೆ’ ಎಂದು ಅವಳು ಬಾಯಿ ಬಿಡದಿರುವ ಅಪಾಯವೂ ಇದೆ. ಈ ಸಲ ಅವಳು ನಿಮ್ಮ ಬಳಿ ಬಂದು ಹೇಳಿದಳಲ್ಲ, ಆ ನಂಬಿಕೆಯನ್ನು ಕಳೆದುಕೊಳ್ಳಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಮಹಿಳಾ ಸುರಕ್ಷತೆಗೆಂದು ನೂರಾರು ಕೋಟಿ ಖರ್ಚು ಮಾಡಿ ಕ್ಯಾಮೆರಾ ಹಾಕಿದ್ದಾರೆ. ಆದರೂ ದಿನಬೆಳಗಾದರೆ ಇಂಥದೇ ಸುದ್ದಿ. ಕ್ಯಾಮೆರಾಗಳಿಂದ ಏನಾದರೂ ಪ್ರಯೋಜನ ಉಂಟೇ?
(ನಿವೃತ್ತ ಶಿಕ್ಷಕರು, ಜಯನಗರ)

ಉತ್ತರ: ಪ್ರಯೋಜನ ಉಂಟು, ಆದರೆ ಅದರ ಮಿತಿಯನ್ನೂ ತಿಳಿದಿರಬೇಕು. 2012ರ ದೆಹಲಿ ಘಟನೆಯ ಬಳಿಕ ಹುಟ್ಟಿದ ನಿರ್ಭಯಾ ನಿಧಿಯಿಂದ ದೇಶದ ಎಂಟು ದೊಡ್ಡ ನಗರಗಳಿಗೆ ‘ಸೇಫ್ ಸಿಟಿ’ ಯೋಜನೆ ಮಂಜೂರಾಯಿತು. ಅದರಲ್ಲಿ ಬೆಂಗಳೂರೂ ಒಂದು. ಇಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾಗಳು, ಅವನ್ನು ನೋಡಿಕೊಳ್ಳುವ ಕಮಾಂಡ್ ಸೆಂಟರು, ಗುಂಡಿ ಒತ್ತಿದರೆ ಪೊಲೀಸರೊಂದಿಗೆ ಮಾತನಾಡಬಹುದಾದ ಕಂಬಗಳು ಈ ಹಣದಿಂದಲೇ ಬಂದವು. ಸರಗಳ್ಳತನ, ಬೀದಿಯ ಕಿರುಕುಳ, ಅಪಹರಣದಂತಹ ಪ್ರಕರಣಗಳಲ್ಲಿ ಆರೋಪಿಯ ಗುರುತು ಹಿಡಿಯಲು ಕ್ಯಾಮೆರಾದ ದೃಶ್ಯ ಬಹಳ ನೆರವಾಗುತ್ತದೆ. 2016ರ ಕೊನೆಯ ರಾತ್ರಿ ಹೊಸ ವರ್ಷದ ಸಂಭ್ರಮದಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೆಣ್ಣುಮಕ್ಕಳ ಮೇಲೆ ಕೈಮಾಡಿದ ಸುದ್ದಿ ದೇಶವನ್ನೆಲ್ಲ ಸುತ್ತಿದ್ದು ನಿಮಗೆ ನೆನಪಿರಬಹುದು. ಅದೇ ದಿನಗಳಲ್ಲಿ ಕಮ್ಮನಹಳ್ಳಿಯ ಬೀದಿಯಲ್ಲಿ ಒಬ್ಬ ಯುವತಿಯ ಮೇಲೆ ನಡೆದ ದಾಳಿ ಹೊರಬಿದ್ದದ್ದು ಮನೆಯೊಂದರ ಸಿಸಿಟಿವಿ ದೃಶ್ಯದಿಂದಲೇ.

ಆದರೆ ಕ್ಯಾಮೆರಾ ಬೀದಿಯನ್ನು ನೋಡುತ್ತದೆ, ಮನೆಯ ಒಳಗನ್ನಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಂತೆ ಮಹಿಳೆಯರ ವಿರುದ್ಧದ ಅಪರಾಧವೆಂದು ದೇಶದಲ್ಲಿ ದಾಖಲಾದ 4,45,256 ಪ್ರಕರಣಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ಅಂದರೆ ಶೇ 31ಕ್ಕೂ ಹೆಚ್ಚು, ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯದ್ದು. ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲೂ ಬಹುಪಾಲು ಆರೋಪಿಗಳು ಹೆಣ್ಣಿಗೆ ಮೊದಲೇ ಪರಿಚಿತರಾದವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇಡೀ ದೇಶದಲ್ಲೇ ಅದು ಅತಿ ಹೆಚ್ಚಿನ ಪ್ರಮಾಣ. ಹಿಂಸೆ ಅನುಭವಿಸಿದವರಲ್ಲಿ ನಾಲ್ವರಲ್ಲಿ ಮೂವರು ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ ಎಂಬುದು ಅದೇ ಸಮೀಕ್ಷೆಯ ರಾಷ್ಟ್ರಮಟ್ಟದ ಅಂಕಿ.

ನನ್ನ ತಕರಾರು ಖರ್ಚಿನ ಮೇಲಲ್ಲ, ಖರ್ಚು ಯಾರನ್ನು ತಲುಪುತ್ತದೆ ಎಂಬುದರ ಮೇಲೆ. 2005ರ ಡಿಸೆಂಬರಿನಲ್ಲಿ ಕಾಲ್ ಸೆಂಟರ್ ಉದ್ಯೋಗಿಯೊಬ್ಬರು ಕ್ಯಾಬ್ ಚಾಲಕನಿಂದ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಮೇಲೆ ಐಟಿ, ಬಿಪಿಒ ಕಂಪನಿಗಳ ರಾತ್ರಿ ಪಾಳಿಯ ವಾಹನಗಳ ಬಗ್ಗೆ ಗಮನ ಹರಿಯಿತು, ಕಾವಲುಗಾರರು ಬಂದರು, ವಾಹನದ ಜಾಡು ಹಿಡಿಯುವ ವ್ಯವಸ್ಥೆಯಾಯಿತು. ಕತ್ತಲಾದ ಮೇಲೆ ಫ್ಯಾಕ್ಟರಿಯಿಂದ ಹೊರಟು, ಮುಖ್ಯರಸ್ತೆಯಲ್ಲಿ ಬಸ್ಸಿಳಿದು, ದೀಪವಿಲ್ಲದ ಅಡ್ಡರಸ್ತೆಯಲ್ಲಿ ಮನೆಗೆ ನಡೆಯುವ ಹೆಣ್ಣುಮಗಳಿಗೆ ಅಂಥದ್ದೇನೂ ಸಿಗಲಿಲ್ಲ. 2023ರ ಜೂನಿನಿಂದ ‘ಶಕ್ತಿ’ ಯೋಜನೆಯಲ್ಲಿ ಬಸ್ಸು ಉಚಿತವಾಗಿದೆ, ಬಸ್ಸಿಳಿದ ಮೇಲಿನ ಆ ನಡಿಗೆಯನ್ನು ಸುರಕ್ಷಿತಗೊಳಿಸುವುದು ಪಾಲಿಕೆಯ ಕೆಲಸ. ನಿಮ್ಮಂತಹ ಹಿರಿಯ ನಾಗರಿಕರ ಸಂಘಗಳು ನಿಮ್ಮ ವಾರ್ಡಿನಲ್ಲಿ ಕೆಟ್ಟುನಿಂತ ಬೀದಿದೀಪದ ಕಂಬಗಳ ಸಂಖ್ಯೆಯನ್ನು ಬರೆದುಕೊಂಡು ಪಾಲಿಕೆಗೆ ದೂರು ಕೊಟ್ಟು, ದೂರಿನ ಸಂಖ್ಯೆ ಪಡೆದು, ವಾರಕ್ಕೊಮ್ಮೆ ಬೆನ್ನುಹತ್ತಿದರೆ ಇನ್ನೊಂದು ಕ್ಯಾಮೆರಾ ಹಾಕಿಸುವುದಕ್ಕಿಂತ ಹೆಚ್ಚಿನ ಉಪಕಾರವಾದೀತು.

ಪ್ರಶ್ನೆ: ಮದುವೆಯಾಗಿ ಒಂಬತ್ತು ವರ್ಷ, ಇಬ್ಬರು ಮಕ್ಕಳು. ಗಂಡ ಕುಡಿದು ಬಂದು ಹೊಡೆಯುತ್ತಾರೆ. ನಾನು ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ, ಎಟಿಎಂ ಕಾರ್ಡು ಅವರ ಬಳಿಯೇ ಇದೆ. ಎರಡು ಸಲ ತವರಿಗೆ ಹೋದಾಗ ಹಿರಿಯರು ಪಂಚಾಯಿತಿ ಮಾಡಿ ವಾಪಸು ಕಳಿಸಿದರು. ಮನೆ ಮಾವನವರ ಹೆಸರಿನಲ್ಲಿದೆ, ‘ಕಂಪ್ಲೇಂಟ್ ಕೊಟ್ಟರೆ ಹೊರಗೆ ಹಾಕುತ್ತೇವೆ’ ಎನ್ನುತ್ತಾರೆ. ಅವರನ್ನು ಜೈಲಿಗೆ ಕಳಿಸುವ ಆಸೆ ನನಗಿಲ್ಲ. ಹೊಡೆತ ನಿಂತರೆ ಸಾಕು, ಮಕ್ಕಳ ಸ್ಕೂಲು ಇಲ್ಲೇ ಇದೆ.
(ಹೆಸರು ಬೇಡ, ಹೆಗ್ಗನಹಳ್ಳಿ)

ಉತ್ತರ: ‘ಹೊಡೆತ ನಿಂತರೆ ಸಾಕು, ಮನೆಯಲ್ಲೇ ಇರಬೇಕು’ ಎಂಬ ನಿಮ್ಮ ಬಯಕೆಗೆ ಹೊಂದುವ ಕಾನೂನೊಂದು ಇದೆ, ಅದನ್ನು ಬಳಸುವವರು ಕಡಿಮೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಗಂಡನ ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ ಸೆಕ್ಷನ್, ಅಂದರೆ ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ, ಈಗ ನ್ಯಾಯ ಸಂಹಿತೆಯ 85ನೇ ಸೆಕ್ಷನ್ನಾಗಿದೆ. ಅದು ಪೊಲೀಸ್ ಕೇಸು, ಗುರಿ ಶಿಕ್ಷೆ. 2005ರ ಕಾಯ್ದೆ ಹಾಗಲ್ಲ. ಹೊಡೆಯಬೇಡ, ಮನೆಯಿಂದ ಹೊರಹಾಕಬೇಡ, ಕೆಲಸದ ಜಾಗಕ್ಕೆ ಹೋಗಿ ಗಲಾಟೆ ಮಾಡಬೇಡ, ಖರ್ಚಿಗೆ ಹಣ ಕೊಡು ಎಂದು ಮ್ಯಾಜಿಸ್ಟ್ರೇಟರು ಗಂಡನಿಗೆ ಆದೇಶ ಮಾಡುತ್ತಾರೆ. ಆ ಆದೇಶವನ್ನು ಮುರಿದಾಗ ಮಾತ್ರ ಅದು ಒಂದು ವರ್ಷದವರೆಗೆ ಜೈಲಾಗಬಹುದಾದ, ಜಾಮೀನುರಹಿತ ಅಪರಾಧವಾಗುತ್ತದೆ. ಇದಕ್ಕೆ ವಿಚ್ಛೇದನ ಕೇಳಬೇಕಾಗಿಲ್ಲ.

ಈ ಕಾಯ್ದೆಯ ಪ್ರಕಾರ ಹಿಂಸೆಯೆಂದರೆ ಕೇವಲ ಹೊಡೆತವಲ್ಲ. ಬೈಗುಳ, ಅವಮಾನ, ಲೈಂಗಿಕ ಬಲವಂತ, ಹಣಕಾಸಿನ ಹಿಡಿತ ಎಲ್ಲವೂ ಸೇರುತ್ತವೆ. ನಿಮ್ಮ ಸಂಬಳದ ಎಟಿಎಂ ಕಾರ್ಡನ್ನು ಕಿತ್ತಿಟ್ಟುಕೊಂಡಿರುವುದು ಆರ್ಥಿಕ ಹಿಂಸೆ. ಆ ಕಾರ್ಡನ್ನು ಬ್ಯಾಂಕಿಗೆ ಹೇಳಿ ರದ್ದುಮಾಡಿಸಲೂಬಹುದು, ಆದರೆ ಅದಕ್ಕೂ ಮೊದಲು ಅದರ ಪರಿಣಾಮವಾಗಿ ಮನೆಯಲ್ಲಿ ಏನಾದೀತು ಎಂದು ಯೋಚಿಸಿ. ಆದೇಶ ಕೈಗೆ ಬಂದ ಮೇಲೆ ಮಾಡುವುದು ಕ್ಷೇಮ.

ಮನೆ ಮಾವನವರ ಹೆಸರಿನಲ್ಲಿದೆ ಎಂಬ ಬೆದರಿಕೆಗೆ 2020ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಸೊಸೆಯಾಗಿ ನೀವು ಸಂಸಾರ ಮಾಡಿಕೊಂಡಿರುವ ಮನೆ ಅತ್ತೆ ಮಾವಂದಿರ ಒಡೆತನದ್ದೇ ಆಗಿದ್ದರೂ ಅದು ‘ಕೂಡುವಾಸದ ಮನೆ’ ಎನಿಸಿಕೊಳ್ಳಬಹುದು, ಅಲ್ಲಿ ವಾಸಿಸುವ ಹಕ್ಕು ನಿಮಗೆ ಇರಬಹುದು ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಇದರಿಂದ ಮನೆ ನಿಮ್ಮದಾಗುವುದಿಲ್ಲ; ಕಾನೂನಿನ ದಾರಿಯಲ್ಲದೆ ನಿಮ್ಮನ್ನು ಹೊರಗೆ ಹಾಕುವಂತಿಲ್ಲ ಎಂದಷ್ಟೇ ಅರ್ಥ. ನಿಮಗೆ ಈಗ ಬೇಕಿರುವುದೂ ಅಷ್ಟೇ. ಅಲ್ಲಿ ಇರುವುದು ಸಾಧ್ಯವೇ ಇಲ್ಲವೆನಿಸಿದರೆ, ಅದೇ ಮಟ್ಟದ ಬೇರೆ ಮನೆ ಮಾಡಿಕೊಡುವಂತೆ ಅಥವಾ ಬಾಡಿಗೆ ಕೊಡುವಂತೆ ಗಂಡನಿಗೆ ಆದೇಶಿಸಲೂ ಅವಕಾಶವಿದೆ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವಿರಿ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಜನರ ಬಾಯಲ್ಲಿ ‘ಸಿಡಿಪಿಒ’ ಎನಿಸಿಕೊಂಡವರೇ, ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಅವರ ಕಚೇರಿ ಎಲ್ಲಿದೆಯೆಂದು ಹುಡುಕಿ ಅಲೆಯಬೇಡಿ, ನಿಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಅವರ ಮೇಲಧಿಕಾರಿಯೇ ಇವರು. ಮಕ್ಕಳನ್ನು ಬಿಡಲು ಹೋದಾಗಲೋ ರೇಷನ್ನಿನ ನೆಪದಲ್ಲೋ ಆ ಮಾತು ಕೇಳಿದರೆ ಮನೆಯವರಿಗೆ ಅನುಮಾನ ಬರುವುದಿಲ್ಲ. ಸಂರಕ್ಷಣಾಧಿಕಾರಿ ನಿಮ್ಮ ಮಾತು ಕೇಳಿ ‘ಕೌಟುಂಬಿಕ ಘಟನಾ ವರದಿ’ ಸಿದ್ಧಪಡಿಸಿ ನ್ಯಾಯಾಲಯಕ್ಕೆ ಕಳಿಸುತ್ತಾರೆ. ವಕೀಲರ ಶುಲ್ಕದ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆ ಎಂಬ ಕಾರಣಕ್ಕೇ ಉಚಿತ ಕಾನೂನು ನೆರವು ಪಡೆಯುವ ಹಕ್ಕು ನಿಮಗಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು ಅಥವಾ 15100ಕ್ಕೆ ಕರೆ ಮಾಡಬಹುದು.

ಮುಂದಿನ ಸಲ ಪೆಟ್ಟು ಬಿದ್ದರೆ (ಬೀಳದಿರಲಿ) ಅದೇ ದಿನ ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್‌ನಂತಹ ಯಾವುದಾದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ. ‘ಮೆಟ್ಟಿಲಿಂದ ಬಿದ್ದೆ’ ಎಂದು ಹೇಳಬೇಡಿ. ಹೊಡೆದವರು ಯಾರು, ಯಾವುದರಿಂದ ಹೊಡೆದರು ಎಂಬುದನ್ನು ವೈದ್ಯರಿಗೆ ಹೇಳಿದರೆ ಅವರು ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸ್ ಕೇಸಿಗೆ ಸಂಬಂಧಿಸಬಹುದಾದ ಗಾಯಗಳ ದಾಖಲೆಯಲ್ಲಿ, ಬರೆಯುತ್ತಾರೆ. ಮುಂದೆ ಅದರ ಆಧಾರದ ಮೇಲೆ ಕೊಡುವ ಗಾಯದ ಪ್ರಮಾಣಪತ್ರಕ್ಕೆ ನ್ಯಾಯಾಲಯದಲ್ಲಿ ಇರುವ ತೂಕ ಹತ್ತು ಜನ ನೆಂಟರ ಸಾಕ್ಷ್ಯಕ್ಕೂ ಇರುವುದಿಲ್ಲ. ‘ಬಿದ್ದೆ’ ಎಂದು ಒಮ್ಮೆ ಬರೆದುಹೋದರೆ ಎದುರು ವಕೀಲರು ಅದನ್ನೇ ಹಿಡಿದುಕೊಂಡು ಪಾಟಿಸವಾಲು ಮಾಡುತ್ತಾರೆ. ಒಪಿಡಿ ಚೀಟಿ, ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಒಂದು ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇವನ್ನು ಮನೆಯಿಂದ ಹೊರಗೆ, ನಂಬಿಕೆಯ ಒಬ್ಬರ ಬಳಿ ಇಡಿ.

ಒಂದು ಎಚ್ಚರಿಕೆ. ಮೂರು ದಿನದೊಳಗೆ ಮೊದಲ ವಿಚಾರಣೆ, ಅರವತ್ತು ದಿನದೊಳಗೆ ತೀರ್ಮಾನ ಎಂದು ಕಾಯ್ದೆಯ ಪುಸ್ತಕದಲ್ಲಿದೆ. ಬೆಂಗಳೂರಿನ ನ್ಯಾಯಾಲಯಗಳಲ್ಲಿ ಹಾಗೆ ನಡೆಯುವುದು ಅಪರೂಪ, ವರ್ಷಗಟ್ಟಲೆ ಎಳೆಯುವ ಅರ್ಜಿಗಳೂ ಇವೆ. ಆದ್ದರಿಂದ ಮುಖ್ಯ ಅರ್ಜಿಯ ಜೊತೆಗೇ 23ನೇ ಸೆಕ್ಷನ್ನಿನಡಿ ಮಧ್ಯಂತರ ಆದೇಶ ಕೇಳುವಂತೆ ವಕೀಲರಿಗೆ ಹೇಳಿ. ತುರ್ತು ಇದೆಯೆಂದು ಮನವರಿಕೆಯಾದರೆ ಎದುರು ಪಕ್ಷವನ್ನು ಕೇಳುವ ಮೊದಲೇ ಆ ಆದೇಶ ಮಾಡಬಹುದು. ಆದೇಶದ ಪ್ರತಿಯನ್ನು ನಿಮ್ಮ ಠಾಣೆಗೂ ಮುಟ್ಟಿಸಿರಬೇಕು, ಆಗ ರಾತ್ರಿ 112ಕ್ಕೆ ಕರೆ ಮಾಡಿದರೆ ಬರುವ ಹೊಯ್ಸಳ ಗಸ್ತು ವಾಹನದ ಪೊಲೀಸರಿಗೆ ‘ಗಂಡ ಹೆಂಡತಿ ಜಗಳ’ ಎಂದು ಬುದ್ಧಿ ಹೇಳಿ ಹೋಗಲು ಕಾರಣ ಇರುವುದಿಲ್ಲ. ಆ ರಾತ್ರಿ ಮನೆಯಲ್ಲಿ ಇರಲಾಗದಿದ್ದರೆ 181 ಮಹಿಳಾ ಸಹಾಯವಾಣಿಗೆ ಹೇಳಿ. ‘ಸಖಿ’ ಕೇಂದ್ರದಲ್ಲಿ ಮಕ್ಕಳೊಂದಿಗೆ ಕೆಲವು ದಿನದ ಆಶ್ರಯ, ವೈದ್ಯರು, ಸಮಾಲೋಚಕರು, ಕಾನೂನು ನೆರವು ಒಂದೇ ಕಡೆ ಸಿಗುತ್ತವೆ.

ಇನ್ನು ಪಂಚಾಯಿತಿ. ಮಾತುಕತೆಗೆ ನನ್ನ ವಿರೋಧವಿಲ್ಲ. ಪೊಲೀಸ್ ಕಮಿಷನರ್ ಕಚೇರಿಯಲ್ಲಿರುವ ವನಿತಾ ಸಹಾಯವಾಣಿಯೂ 1999ರಿಂದ ಇಂಥ ಸಮಾಲೋಚನೆ ನಡೆಸುತ್ತ ಬಂದಿದೆ. ಆದರೆ ಮುಂದಿನ ಸಲ ಹಿರಿಯರು ಕೂತರೆ, ಮಾತಿನ ಫಲವನ್ನು ಕಾಗದದ ಮೇಲೆ ಇಳಿಸಿ, ಹೊಡೆದದ್ದು ನಿಜವೆಂದು ಒಪ್ಪಿ ನಿಮ್ಮ ಗಂಡ ಸಹಿ ಹಾಕಲಿ. ಅಷ್ಟಕ್ಕೆ ಒಪ್ಪದ ಪಂಚಾಯಿತಿಗೆ ನೀವು ಹೋಗುವುದು ಬೇಡ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಲೈನ್ ಸೂಪರ್‌ವೈಸರ್ ಟಾರ್ಗೆಟ್ ನೋಡುವ ನೆಪದಲ್ಲಿ ಮೈ ಮುಟ್ಟುತ್ತಾನೆ, ಕೆಟ್ಟ ಮಾತಾಡುತ್ತಾನೆ. ಕಮಿಟಿ ಇದೆ ಎಂದು ಗೋಡೆಯ ಮೇಲೆ ಬೋರ್ಡ್ ಇದೆ, ಅದರಲ್ಲಿರುವವರು ಯಾರೆಂದು ನಮಗೆ ಗೊತ್ತಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ.
(ಪೀಣ್ಯ)

ಉತ್ತರ: ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿಯೊಂದು ಕಡೆಯೂ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಸಂಸ್ಥೆಯ ಒಬ್ಬರು ಇರಬೇಕು ಎಂದು ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ. ನಿಮ್ಮ ಗೋಡೆಯ ಮೇಲಿನ ಬೋರ್ಡಿನಲ್ಲಿರುವ ಹೆಸರುಗಳ ಫೋಟೊ ತೆಗೆದುಕೊಳ್ಳಿ. ಫೋನು ಒಳಗೆ ಬಿಡದಿದ್ದರೆ ಚೀಟಿಯಲ್ಲಿ ಬರೆದುಕೊಳ್ಳಿ.

ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡವಾದುದಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಬರೆಯಲು ಬಾರದಿದ್ದರೆ ಬರೆದುಕೊಡುವ ನೆರವು ಸಮಿತಿಯದೇ ಹೊಣೆ. ವಿಚಾರಣೆ ನಡೆಯುವಾಗ ನಿಮ್ಮನ್ನಾಗಲಿ ಅವನನ್ನಾಗಲಿ ಬೇರೆ ವಿಭಾಗಕ್ಕೆ ಹಾಕುವಂತೆ ಅಥವಾ ನಿಮಗೆ ಮೂರು ತಿಂಗಳವರೆಗೆ ರಜೆ ಕೊಡುವಂತೆ ಕೇಳಬಹುದು. ಅವನನ್ನೇ ಬೇರೆ ಲೈನಿಗೆ ಹಾಕಿ ಎಂದು ಕೇಳಿರಿ, ನೀವು ಪಳಗಿದ ಮಿಷನ್ನನ್ನು ಬಿಟ್ಟರೆ ನಿಮ್ಮ ಟಾರ್ಗೆಟ್ ಇಳಿಯುತ್ತದೆ, ಆಮೇಲೆ ಅದನ್ನೇ ನೆಪ ಮಾಡುತ್ತಾರೆ. ದುಡ್ಡು ಕೊಟ್ಟು ರಾಜಿ ಮಾಡಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ.

ಒಬ್ಬರೇ ಹೋಗಬೇಡಿ. ಅವನು ನಿಮ್ಮೊಬ್ಬರಿಗೇ ಹೀಗೆ ಮಾಡುತ್ತಿರುವ ಸಂಭವ ಕಡಿಮೆ. ಅದೇ ಲೈನಿನ ಇನ್ನಿಬ್ಬರು ಸಹಿ ಹಾಕಿದರೆ ಕೆಲಸದಿಂದ ತೆಗೆಯುವುದು ಅಷ್ಟು ಸುಲಭವಲ್ಲ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳದೇ ಕಾರ್ಮಿಕ ಸಂಘಗಳಿವೆ, ಭಾನುವಾರ ಅವರ ಕಚೇರಿಗೆ ಹೋಗಿ ಮಾತನಾಡಿ. ಸಮಿತಿಯೇ ಇಲ್ಲವೆಂದಾದರೆ ಅಥವಾ ದೂರು ಮಾಲೀಕರ ಮೇಲೆಯೇ ಆದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬೇಕು. ಮನೆಗೆಲಸದವರೂ ಅಲ್ಲಿಗೇ ಹೋಗಬೇಕು, ಈ ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಇವೆಲ್ಲದರ ಜೊತೆಗೆ ಪೊಲೀಸ್ ದೂರಿನ ದಾರಿಯೂ ತೆರೆದೇ ಇದೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂದಿಲ್ಲ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಒಂಬತ್ತು ವರ್ಷದ ಹುಡುಗಿ, ‘ಟ್ಯೂಷನ್ ಅಂಕಲ್ ಕೆಟ್ಟದಾಗಿ ಮುಟ್ಟುತ್ತಾರೆ’ ಎಂದು ನನ್ನ ಮಗಳ ಬಳಿ ಹೇಳಿದ್ದಾಳೆ. ಅವಳ ಅಪ್ಪ ಅಮ್ಮನಿಗೆ ಹೇಳಿದೆ. ಟ್ಯೂಷನ್ ಬಿಡಿಸಿದ್ದಾರೆ, ‘ಇದನ್ನು ಇಲ್ಲಿಗೇ ಬಿಡಿ’ ಎನ್ನುತ್ತಿದ್ದಾರೆ. ಅವನ ಬಳಿ ಬೇರೆ ಮಕ್ಕಳೂ ಹೋಗುತ್ತಾರೆ. ನಾನು ಮಧ್ಯೆ ಬರಬಹುದೇ?
(ಗೃಹಿಣಿ, ವಿಜಯನಗರ)

ಉತ್ತರ: ಬರಬಹುದೇ ಎಂಬುದಲ್ಲ, ಬರಲೇಬೇಕು. ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕೆಂದು ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ ಅದೂ ಅಪರಾಧ. ಇದು ಆ ಹೆತ್ತವರಿಗೂ ನಿಮಗೂ ಅನ್ವಯಿಸುತ್ತದೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ.

ಹೆತ್ತವರ ಹಿಂಜರಿಕೆಯನ್ನು ತಾತ್ಸಾರದಿಂದ ನೋಡಬೇಡಿ. ಮಗಳ ಹೆಸರು ಹೊರಬರುತ್ತದೆ, ಕೋರ್ಟಿನಲ್ಲಿ ನಿಲ್ಲಿಸುತ್ತಾರೆ ಎಂಬ ಹೆದರಿಕೆ ಅವರದು. ಮಗುವಿನ ಗುರುತು ಬಹಿರಂಗಪಡಿಸುವುದು ಅಪರಾಧವೆಂದೂ, ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆಂದೂ, ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕೆಂದೂ, ಮಗುವಿನ ಜೊತೆಗಿರಲು ಸಹಾಯಕ ವ್ಯಕ್ತಿಯೊಬ್ಬರನ್ನು ನೇಮಿಸಲು ಅವಕಾಶವಿದೆಯೆಂದೂ ಅವರಿಗೆ ತಿಳಿಸಿ. ಆಗ ಅವರೇ ಮುಂದೆ ಬರಬಹುದು. ಬಾರದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕರೆ ಮಾಡಿದ ದಿನ ಮತ್ತು ಸಮಯವನ್ನು ಬರೆದಿಡಿ. ಆ ಮಗುವನ್ನು ನೀವಾಗಲಿ ಅಸೋಸಿಯೇಷನ್ನಿನವರಾಗಲಿ ಕರೆದು ‘ಏನಾಯಿತು ಹೇಳಮ್ಮಾ’ ಎಂದು ಮತ್ತೆ ಮತ್ತೆ ಕೇಳಬೇಡಿ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದಕ್ಷರವನ್ನೂ ಹಾಕಬೇಡಿ. ಟ್ಯೂಷನ್ನಿನವನಿಗೆ ಮುಂಚಿತವಾಗಿ ಎಚ್ಚರಿಕೆ ಕೊಡುವುದೂ ಬೇಡ, ಅವನ ಫೋನಿನಲ್ಲಿ ಏನಿದೆಯೋ ಅದು ಅಳಿಸಿಹೋಗುತ್ತದೆ.

ಪ್ರಶ್ನೆ: ಹಿಂದೆ ಪ್ರೀತಿಸುತ್ತಿದ್ದವನು ನನ್ನ ಖಾಸಗಿ ಫೋಟೊಗಳನ್ನು ಹಾಕುತ್ತೇನೆಂದು ಹೆದರಿಸಿ ಹಣ ಕೇಳುತ್ತಿದ್ದಾನೆ. ಆ ಫೋಟೊಗಳನ್ನು ನಾನೇ ಕಳಿಸಿದ್ದು. ದೂರು ಕೊಡಲು ಆಗುತ್ತದೆಯೇ?
(ಪಿಜಿ ನಿವಾಸಿ, ಮಾರತ್ತಹಳ್ಳಿ)

ಉತ್ತರ: ಆಗುತ್ತದೆ. ಒಬ್ಬನಿಗೆ ನೋಡಲೆಂದು ಕಳಿಸಿದ್ದು ಊರಿಗೆಲ್ಲ ಹಂಚಲು ಕೊಟ್ಟ ಒಪ್ಪಿಗೆಯಲ್ಲ. ಇದನ್ನು ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಿನ ವಿವರಣೆಯಲ್ಲೇ ಹೇಳಿದೆ. ಬೆದರಿಸಿ ಹಣ ಕೇಳುವುದು ಸುಲಿಗೆ. ಹಣ ಕೊಡಬೇಡಿ, ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ. ಅವನ ಮೆಸೇಜುಗಳನ್ನು ಉಳಿಸಿಕೊಂಡು ನಿಮ್ಮ ವಿಭಾಗದ ಸೈಬರ್ ಠಾಣೆಗೆ, ಅಂದರೆ ಸೆನ್ ಠಾಣೆಗೆ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಕೊಡಿ. ಫೋಟೊ ಈಗಾಗಲೇ ಎಲ್ಲಾದರೂ ಬಂದಿದ್ದರೆ ಆ ಜಾಲತಾಣದ ದೂರು ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಚಿತ್ರಗಳನ್ನು, ಸಂತ್ರಸ್ತೆಯೇ ದೂರಿದಾಗ, ಎರಡು ಗಂಟೆಯೊಳಗೆ ತೆಗೆಯುವ ಕ್ರಮ ಕೈಗೊಳ್ಳಬೇಕು; 2026ರ ಫೆಬ್ರುವರಿಯವರೆಗೆ ಈ ಗಡುವು 24 ಗಂಟೆಯಾಗಿತ್ತು. 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೊದಲ್ಲಿ ಮಹಿಳೆಯರಿಗೆ ತಿಳಿಯದಂತೆ ವಿಡಿಯೊ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದವನನ್ನು ಪೊಲೀಸರು ಬಂಧಿಸಿದ್ದನ್ನು ಓದಿರುತ್ತೀರಿ. ಖಾತೆಯ ಹೆಸರು ಸುಳ್ಳಾದರೂ ಅದರ ಹಿಂದಿರುವ ಫೋನು ಸಿಗುತ್ತದೆ.

ಪ್ರಶ್ನೆ: ಮೊನ್ನೆ ಬಿಎಂಟಿಸಿ ಬಸ್ಸಿನಲ್ಲಿ ಒಬ್ಬ ಪಕ್ಕದ ಹುಡುಗಿಗೆ ತೊಂದರೆ ಕೊಡುತ್ತಿದ್ದ. ಎಲ್ಲರೂ ನೋಡುತ್ತಿದ್ದೆವು, ಯಾರೂ ಮಾತಾಡಲಿಲ್ಲ. ಜಗಳಕ್ಕೆ ಹೋದರೆ ನಮ್ಮ ಮೇಲೇ ಬರುತ್ತಾರೆ ಎಂಬ ಭಯ. ನನ್ನಂಥವನು ಏನು ಮಾಡಬೇಕಿತ್ತು?
(ಯುವಕ, ಕೆಂಗೇರಿ)

ಉತ್ತರ: ಅವನ ಮೇಲೆ ಕೈ ಎತ್ತಬೇಕಾಗಿರಲಿಲ್ಲ. ಆ ಹುಡುಗಿಯ ಬಳಿ ಹೋಗಿ, ಅವನ ಕಡೆ ನೋಡದೆಯೇ, ‘ಈ ಕಡೆ ಬಂದು ಕೂತುಕೊಳ್ಳಿ, ನಾನು ಎದ್ದೇಳುತ್ತೇನೆ’ ಎಂದಿದ್ದರೂ ಅವಳು ಒಂಟಿಯಲ್ಲ ಎಂದು ಅವನಿಗೆ ತಿಳಿಯುತ್ತಿತ್ತು. ಆಮೇಲೆ ಅವಳನ್ನೇ ಕೇಳಬೇಕು: ಕಂಡಕ್ಟರಿಗೆ ಹೇಳಲೇ, 112ಕ್ಕೆ ಫೋನು ಮಾಡಲೇ? ತೀರ್ಮಾನ ಅವಳದಾಗಿರಲಿ, ಅವಳ ಪರವಾಗಿ ನಾಲ್ಕು ಜನ ಕೂಗಾಡಿ, ಅವನನ್ನು ಹೊಡೆದು, ಅವಳನ್ನು ಠಾಣೆಗೆ ಎಳೆದೊಯ್ಯುವುದು ಇನ್ನೊಂದು ಬಗೆಯ ಹಿಂಸೆಯಾಗುತ್ತದೆ. ದೂರು ಕೊಡುತ್ತೇನೆ ಎಂದರೆ ಬಸ್ಸನ್ನು ಹತ್ತಿರದ ಠಾಣೆಯ ಬಳಿ ನಿಲ್ಲಿಸುವಂತೆ ಚಾಲಕರನ್ನು ಕೇಳಿ. ಬಸ್ಸಿನ ನೋಂದಣಿ ಸಂಖ್ಯೆ, ಮಾರ್ಗ ಸಂಖ್ಯೆ, ಸಮಯವನ್ನು ಬರೆದು, ಅದರ ಕೆಳಗೆ ನಿಮ್ಮ ಹೆಸರು, ಫೋನ್ ನಂಬರು ಹಾಕಿ ಅವಳ ಕೈಗೆ ಕೊಡಿ. ಅವಳು ಅಂದು ದೂರು ಕೊಡದೆ ನಾಳೆ ಮನಸ್ಸು ಮಾಡಿದರೂ ಆ ಚೀಟಿಯಿಂದ ಅವಳಿಗೊಬ್ಬ ಸಾಕ್ಷಿ ಸಿಕ್ಕಿರುತ್ತಾನೆ. ಪೊಲೀಸರು ಕರೆದಾಗ ಹೋಗಿ ಹೇಳಿಕೆ ಕೊಡುವುದೊಂದೇ ನಿಮ್ಮ ಮುಂದಿನ ಕೆಲಸ.